ಕಿಟಕಿ ಮುಚ್ಚಿದ ತಾಯಿ, ಹೊಗೆ ಪೈಪ್ ಹಾಕದ ಫಿಟ್ಟರ್: ಯಾರ ತಪ್ಪು ದೊಡ್ಡದು?

ಮುಲುಂಡ್ ಮಾಮ

ಎಲ್ಲರಿಗೂ ನಮಸ್ಕಾರ. ದೀಪಾವಳಿಯ ಎಣ್ಣೆನೀರಿನಿಂದ ಶುರುವಾದರೆ ಹೋಳಿಯ ಬಣ್ಣ ತೊಳೆಯುವವರೆಗೂ ನಮ್ಮ ಕಡೆಯ ಮನೆಗಳಲ್ಲಿ ಗ್ಯಾಸ್ ಗೀಸರ್‌ಗೆ ಬಿಡುವಿಲ್ಲ. ಮುಂಬೈ, ಠಾಣೆ, ಪುಣೆಯಲ್ಲಿ ಅದರ ಹೊಗೆಗೆ ಬಚ್ಚಲುಮನೆಯೊಳಗೆ ಕುಸಿದು ಸತ್ತವರ ಸುದ್ದಿ ಬರುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ. ಸುದ್ದಿಯ ಬೆನ್ನಿಗೇ ಎರಡು ಮಾತು ಕೇಳುತ್ತವೆ. ಒಂದು, "ಪಾಪ, ಗೊತ್ತಿರಲಿಲ್ಲ." ಇನ್ನೊಂದು, "ಗೊತ್ತಿದ್ದರೂ ಯಾರಿಗೇನು ಬಿದ್ದಿದೆ?"

ನನ್ನ ಪ್ರಶ್ನೆ ಇಷ್ಟೇ. ಮಗುವಿಗೆ ಥಂಡಿಯಾಗಬಾರದೆಂದು ಬಚ್ಚಲಿನ ಕಿಟಕಿ ಮುಚ್ಚುವ ತಾಯಿಗೆ ಕಾಳಜಿ ಬೇಕಾದಷ್ಟಿದೆ, ತಿಳಿವಳಿಕೆ ಇಲ್ಲ. ಹೊಗೆ ಪೈಪ್ ಇಲ್ಲದೆ ಗೀಸರ್ ತೂಗುಹಾಕಿ ಹೋಗುವ ಫಿಟ್ಟರ್‌ಗೆ ತಿಳಿವಳಿಕೆ ಇದೆ, ಕಾಳಜಿ ಇಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು? ಬರೀ ವಾದ ಬೇಡ. ಎಲ್ಲಿ ಕೈಹಾಕಿದರೆ ಒಂದು ಜೀವ ಉಳಿದೀತು ಎನ್ನುವುದನ್ನು ಬಲ್ಲವರು ಬಿಡಿಸಿ ಬರೆಯಿರಿ. ನಮ್ಮ ವಸತಿ ಸೊಸೈಟಿಯ ನೋಟಿಸ್ ಬೋರ್ಡಿಗೆ ಹಾಕುವಂಥ ವಿವರ ಬೇಕು.

ನೀಲಿ ಜ್ವಾಲೆ

ಮಾಮ, ಮೊದಲು ಲೆಕ್ಕ ನೋಡೋಣ. ಯಾರ ತಪ್ಪು ಎನ್ನುವುದು ಆಮೇಲೆ.

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಹತ್ತೂವರೆ ಕಿಲೋವಾಟ್ ಶಾಖ ಬೇಕು. ಮನೆಯ ಕರೆಂಟ್ ಗೀಸರ್ ಸಾಮಾನ್ಯವಾಗಿ 2 ಅಥವಾ 3 ಕಿಲೋವಾಟ್ ಇರುತ್ತದೆ. ಅಂದರೆ ಗೋಡೆಯ ಮೇಲಿನ ಆ ಚಿಕ್ಕ ಡಬ್ಬಿಯಲ್ಲಿ ಸಣ್ಣ ಹೋಟೆಲಿನ ಭಟ್ಟಿಯಷ್ಟು ಉರಿ ಇದೆ. ಇದಕ್ಕೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಎಲ್‌ಪಿಜಿ ಬೇಕು, ಆ ಒಂದು ಕಿಲೋ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು.

ಈಗ ಬಚ್ಚಲುಮನೆ ಅಳೆಯಿರಿ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಇಲ್ಲಿನ ಒನ್ ರೂಮ್ ಕಿಚನ್ ಮನೆಗಳಲ್ಲಿ ಇದಕ್ಕಿಂತ ದೊಡ್ಡದು ಸಿಗುವುದು ಕಷ್ಟ. ಒಳಗಿರುವ ಗಾಳಿ 5.4 ಘನ ಮೀಟರ್ ಅಷ್ಟೇ. ಗೀಸರ್ 10 ನಿಮಿಷ ಉರಿದರೆ 2 ಘನ ಮೀಟರ್ ಗಾಳಿಯಲ್ಲಿದ್ದ ಆಮ್ಲಜನಕ ಮುಗಿಯಿತು. ಎಲ್ಲ ಪೂರ್ತಿ ಮುಚ್ಚಿದ್ದರೆ ಆಮ್ಲಜನಕ ಶೇ 21ರಿಂದ 18ಕ್ಕೆ ಇಳಿಯಲು 4 ನಿಮಿಷ ಸಾಕು. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ನುಗ್ಗುತ್ತದೆ, ಆದ್ದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿದೀತು. ಆದರೆ 18ರ ಆಸುಪಾಸಿಗೆ ಬಂದಾಗ ಉರಿ ಕೆಡಲು ಶುರು. ಅಲ್ಲಿಯವರೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದ ಬರ್ನರ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡತೊಡಗುತ್ತದೆ.

ಇನ್ನು ಮುಖ್ಯ ವಿಷಯ. ಎಲ್‌ಪಿಜಿಗೆ ವಾಸನೆ ಇದೆ, ಸೋರಿದರೆ ಗೊತ್ತಾಗಲಿ ಎಂದು ಮರ್‌ಕ್ಯಾಪ್ಟಾನ್ ಸೇರಿಸಿರುತ್ತಾರೆ. ಆ ವಾಸನೆಯ ವಸ್ತು ಉರಿಯಲ್ಲೇ ಸುಟ್ಟುಹೋಗುತ್ತದೆ. ಹುಟ್ಟುವ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. "ವಾಸನೆ ಬರ್ತಿಲ್ಲವಲ್ಲ, ಸರಿಯಿದೆ" ಎಂದುಕೊಳ್ಳುವವರನ್ನು ಅಸಡ್ಡೆಯವರು ಎಂದು ಬೈಯುವುದು ನ್ಯಾಯವಲ್ಲ. ಅವರು ಮೂಗಿಟ್ಟು ನೋಡಿಯೇ ಇದ್ದಾರೆ.

ಕುರ್ಲಾ ಕಾಮತ

ಲೆಕ್ಕ ಒಪ್ಪಿದೆ. ಆದರೂ ಕಾಳಜಿ ಇಲ್ಲದಿರುವುದೇ ಮೂಲ ರೋಗ ಎನ್ನುತ್ತೇನೆ. ಕಾಳಜಿ ಇರುವವನು ಕೇಳಿ ತಿಳಿದುಕೊಳ್ಳುತ್ತಾನೆ, ಗೀಸರ್ ಜೊತೆ ಬಂದ ಪುಸ್ತಿಕೆ ಬಿಚ್ಚುತ್ತಾನೆ. ಕಾಳಜಿ ಇಲ್ಲದವನ ಕೈಗೆ ಎಷ್ಟು ತಿಳಿವಳಿಕೆ ಕೊಟ್ಟರೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಕಾಂದಿವಲಿ ಗೀತಕ್ಕ

ಅದು ಹಾಗಲ್ಲ ಕಾಮತ್ರೆ. ಕೇಳಿ ತಿಳಿದುಕೊಳ್ಳಬೇಕಾದರೆ ಕೇಳುವುದಕ್ಕೆ ಏನೋ ಒಂದು ಉಂಟು ಎಂದಾದರೂ ಗೊತ್ತಾಗಬೇಕಲ್ಲ ಮಾರಾಯ್ರೆ. ಹಾಲು ಒಡೆದರೆ ಕಾಣುತ್ತದೆ, ತಂತಿ ಕಿಡಿ ಹಾರಿದರೆ ಕಾಣುತ್ತದೆ. ಇದರಲ್ಲಿ ಎಂತದೂ ಕಾಣುವುದಿಲ್ಲ. ಕಾಳಜಿ ಹೆಚ್ಚಾದಷ್ಟೂ ಕಿಟಕಿ ಗಟ್ಟಿ ಮುಚ್ಚುತ್ತಾರೆ, ಬಾಗಿಲ ಕೆಳಗೆ ಹಳೆ ಬೈರಾಸು ತುರುಕುತ್ತಾರೆ. ಬಾಣಂತಿ ನೀರು ಹಾಕುವಾಗ, ಹಸಿ ಮಗುವಿಗೆ ಮೀಯಿಸುವಾಗ ಹೀಗೆ ಮಾಡುವುದೇ ಹೆಚ್ಚು. ಅಲ್ಲಿ ಕಾಳಜಿಯೇ ಅಪಾಯವನ್ನು ದೊಡ್ಡದು ಮಾಡುತ್ತದೆ.

ಒಂದು ಪ್ರಶ್ನೆ. ಈ ಗ್ಯಾಸು ಕೆಳಗೆ ಕೂರುತ್ತದೆ, ಗೋಡೆಯ ಬುಡದಲ್ಲಿ ಒಂದು ತೂತು ಇಟ್ಟರೆ ಸಾಕು ಎನ್ನುತ್ತಾರಲ್ಲ, ಹೌದಾ?

ನೀಲಿ ಜ್ವಾಲೆ

ಅಲ್ಲ ಅಕ್ಕ, ಬಹಳ ಜನ ಎಡವುವುದೇ ಅಲ್ಲಿ. ನೆಲದಲ್ಲಿ ಕೂರುವುದು ಉರಿಯದ ಎಲ್‌ಪಿಜಿ, ಅದು ಗಾಳಿಗಿಂತ ಒಂದೂವರೆ ಎರಡು ಪಟ್ಟು ಭಾರ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ಒಂದು ಕೂದಲಿನಷ್ಟು ಹಗುರ, ಬಿಸಿ ಹೊಗೆಯ ಜೊತೆ ಮೇಲೆ ಹೋಗಿ ಕೋಣೆಯಲ್ಲೆಲ್ಲ ಬೆರೆಯುತ್ತದೆ. ಕೆಳಗಿನ ತೂತು ಹೊಸ ಗಾಳಿ ಒಳಬರಲು ಬೇಕು, ಮೇಲಿನ ತೆರಪು ಕೆಟ್ಟ ಗಾಳಿ ಹೊರಹೋಗಲು ಬೇಕು. ಒಂದೇ ಇದ್ದರೆ ಗಾಳಿ ಆಡುವುದಿಲ್ಲ.

ಇದೇ ಗೊಂದಲದಿಂದ ಇನ್ನೊಂದು ತಪ್ಪಾಗುತ್ತದೆ. ಅಡುಗೆಮನೆಗೆ ಹಾಕುವ ಎಲ್‌ಪಿಜಿ ಅಲಾರಂ ಖರೀದಿಸಿ, ನೆಲದಿಂದ ಒಂದಡಿ ಎತ್ತರಕ್ಕೆ ಸಿಕ್ಕಿಸಿ ನಿಶ್ಚಿಂತರಾಗುತ್ತಾರೆ. ಅದು ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಇದೆ. ಯುರೋಪಿನ ಇಎನ್ 50291 ಮಾನದಂಡದ ಅಲಾರಂ 50 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಮೊನಾಕ್ಸೈಡ್) ಇದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಮುಟ್ಟಿದರೆ 3 ನಿಮಿಷದೊಳಗೆ ಕೂಗಬೇಕು. ಆವಿ ಬಡಿದರೆ ಸೆನ್ಸರ್ ಕೆಡುತ್ತದೆ, ಆದ್ದರಿಂದ ಬಚ್ಚಲಿನ ಒಳಗೆ ಬೇಡ, ಬಾಗಿಲ ಹೊರಗೆ ತಲೆಯ ಎತ್ತರದಲ್ಲಿ ಇರಲಿ. ಸೆನ್ಸರ್‌ಗೂ ಆಯುಸ್ಸಿದೆ, ಹಿಂಬದಿಯಲ್ಲಿ ಬದಲಿಸಬೇಕಾದ ವರ್ಷ ಅಚ್ಚಾಗಿರುತ್ತದೆ.

ಪಿಂಪ್ರಿ ಪಾಟೀಲ

ಮಾಮಾ, ಫಿಟ್ಟರ್‌ಗೆ ಎಲ್ಲಾ ಗೊತ್ತೈತಿ ಅಂತ ಹಿಡಕೊಂಡ ಮಾತಾಡಾಕತ್ತೀರಿ, ಅಲ್ಲೇ ತಪ್ಪೈತ್ರಿ. ಗೀಸರ್ ಹಚ್ಚಾಕ ಬರೋ ಹುಡುಗಗ ಗೊತ್ತಿರೂದು ನಾಕ ಕೆಲಸ: ಸ್ಕ್ರೂ ಹೊಡಿ, ನೀರಿನ ಪೈಪ್ ಹಚ್ಚು, ಗ್ಯಾಸ್ ಪೈಪ್ ಹಚ್ಚು, ಸಾಬೂನ ನೀರ ಹಾಕಿ ಗುಳ್ಳಿ ಬರತಾವೇನು ನೋಡು. ಗುಳ್ಳಿ ಬರಲಿಲ್ಲ ಅಂದ್ರ ಅವನ ಲೆಕ್ಕದಾಗ ಕೆಲಸ ಪಕ್ಕಾ. ಸೋರಿಕಿ ಬ್ಯಾರೆ, ಹೊಗಿ ಬ್ಯಾರೆ ಅನ್ನೂದು ಅವಗ ಯಾರೂ ಹೇಳಿರೂದಿಲ್ಲ. ಮ್ಯಾಲ ಹೊಗಿ ಪೈಪ್ ಬಹಳ ಸಲ ಡಬ್ಬಿಯೊಳಗ ಬಂದಿರೂದಿಲ್ಲ, ಬ್ಯಾರೆ ರೊಕ್ಕ ಕೊಟ್ಟು ತರಬೇಕು. ಗ್ವಾಡಿಗೆ ತೂತು ಕೊರೀಬೇಕು ಅಂದ ಕೂಡ್ಲೆ ಮನಿಯವ್ರು "ಟೈಲ್ಸ್ ಒಡಿತಾವು, ಬ್ಯಾಡ ಬಿಡಪಾ" ಅಂತಾರ. ಒಬ್ಬಾಂವ ಹೇಳಂಗಿಲ್ಲ, ಒಬ್ಬಾಂವ ಕೇಳಂಗಿಲ್ಲ.

ಕೆಡೂದು ಎಲ್ಲೆಲ್ಲಿ ಅಂತ ಕೇಳ್ರಿ. ಪೈಪ್ ಗ್ಯಾಸ್ ಮತ್ತ ಸಿಲಿಂಡರ್ ಗ್ಯಾಸ್ ಒಂದ ಅಲ್ಲ. ಸಿಲಿಂಡರ್ ರೆಗ್ಯುಲೇಟರ್ ದಾಟಿದ ಮ್ಯಾಲ ಒತ್ತಡ ಸುಮಾರು 30 ಮಿಲಿಬಾರ್, ಪೈಪ್ ಗ್ಯಾಸ್ ಸುಮಾರು 21. ಪೈಪ್ ಗ್ಯಾಸಿನ ಜೆಟ್, ಅಂದ್ರ ಬರ್ನರ್‌ಗೆ ಗ್ಯಾಸ್ ಬಿಡೂ ಸಣ್ಣ ಮೂತಿ, ಅದರ ತೂತು ದೊಡ್ಡದಿರತದ. ಆ ಗೀಸರ್ ತಂದು ಸಿಲಿಂಡರ್‌ಗೆ ಹಚ್ಚಿದ್ರ ಗ್ಯಾಸ್ ವಿಪರೀತ ನುಗ್ಗತದ, ಗಾಳಿ ಸಾಲಂಗಿಲ್ಲ, ಉರಿ ಹಳದಿ ಆಗತದ. ಮನಿ ಬದಲಿ ಮಾಡಿದಾಗ, ಹಳೇ ಗೀಸರ್ ತಗೊಂಡಾಗ ಹಿಂಗ ಆಗೂದು ಹೆಚ್ಚು. ಜೆಟ್ ಬದಲಿ ಮಾಡ್ಲಾರದ ಹಚ್ಚಬಾರದು.

ಉರಿ ನೀಲಿ ಇರಬೇಕು. ತುದಿ ಹಳದಿ ಆತು ಅಂದ್ರ ಬರ್ನರ್‌ನ್ಯಾಗ ಧೂಳ ಕುಂತೈತಿ, ಇಲ್ಲಾ ಜೇಡ ಬಲಿ ಕಟ್ಟೇತಿ, ಇಲ್ಲಾ ಮ್ಯಾಲಿನ ತಾಮ್ರದ ಪಟ್ಟಿಯೊಳಗ ಮಸಿ ತುಂಬೇತಿ. ಮಸಿ ತುಂಬಿದ್ರ ಹೊಗಿ ಮ್ಯಾಲ ಹೋಗಂಗಿಲ್ಲ, ಹೊಗಿ ಹೋಗಲಿಲ್ಲ ಅಂದ್ರ ಮತ್ತಷ್ಟು ಮಸಿ. ವರ್ಷಕ್ಕೊಮ್ಮೆ, ಚಳಿ ಬರೂಕಿಂತ ಮೊದಲ, ಬಿಚ್ಚಿ ಸ್ವಚ್ಛ ಮಾಡಿಸ್ರಿ. ಪುಣೆ ಕಡೆ ಡಿಸೆಂಬರ್, ಜನವರಿಯೊಳಗ ಥಂಡಿ 10 ಡಿಗ್ರಿ ತನಕಾನೂ ಇಳಿತದ. ನೀರು ತಣ್ಣಗಿದ್ದಷ್ಟು ಗೀಸರ್ ಜಾಸ್ತಿ ಹೊತ್ತು ಉರಿತದ, ಕಿಟಕಿನೂ ಮುಚ್ಚಿರತಾರ. ಎರಡೂ ಕೂಡೇ ಬರತಾವು.

ಕುರ್ಲಾ ಕಾಮತ

ಪಾಟೀಲ್ರೆ, ಹಾಗಾದರೆ ಹೊಗೆ ಪೈಪ್ ಒಂದು ಹಾಕಿಸಿದರೆ ಮುಗಿಯಿತಾ?

ನೀಲಿ ಜ್ವಾಲೆ

ಮುಗಿಯುವುದಿಲ್ಲ. ಪೈಪ್ ಹೇಗೆ ಹಾಕಿದ್ದಾರೆ ಎನ್ನುವುದು ಮುಖ್ಯ. ಬಿಸಿ ಹೊಗೆ ತಾನಾಗಿ ಮೇಲೇರಬೇಕು, ಆದ್ದರಿಂದ ಗೀಸರ್ ತಲೆಯಿಂದ ಮೊದಲು ಎರಡಡಿ ನೇರ ಮೇಲಕ್ಕೆ ಹೋಗಿ ಆಮೇಲೆ ತಿರುಗಬೇಕು. ತಿರುವು ಕಡಿಮೆಯಿದ್ದಷ್ಟು ಒಳ್ಳೆಯದು. ಲೋಹದ ಪೈಪೇ ಆಗಬೇಕು, ಪಿವಿಸಿ ಮೆತ್ತಗಾಗಿ ಜೋತು ಬೀಳುತ್ತದೆ. ತುದಿ ತೆರೆದ ಗಾಳಿಗೆ ಬರಬೇಕು.

ಮುಂಬೈಯ ಕಟ್ಟಡಗಳ ತೊಂದರೆ ಇರುವುದು ಇಲ್ಲಿ: ಬಚ್ಚಲಿನ ಕಿಟಕಿ ತೆರೆಯುವುದು ಬೀದಿಗಲ್ಲ, ಮಹಡಿಗಳುದ್ದಕ್ಕೂ ಮೇಲೇರುವ ಇಕ್ಕಟ್ಟು ಸಂದಿಯಾದ ಡಕ್ಟ್‌ಗೆ. ಆ ಡಕ್ಟಿನ ತಲೆಗೆ ಮಳೆ ಬರುತ್ತದೆಂದೋ ಪಾರಿವಾಳ ಬರುತ್ತದೆಂದೋ ಶೀಟ್ ಹೊದಿಸಿರುತ್ತಾರೆ. ಎರಡನೇ ಮಹಡಿಯ ಹೊಗೆ ಡಕ್ಟಿಗೆ ಬಂದು ಮೇಲೆ ದಾರಿ ಸಿಗದೆ ನಾಲ್ಕನೇ ಮಹಡಿಯ ಕಿಟಕಿಯಿಂದ ಒಳಹೋಗುತ್ತದೆ. ಆ ನಾಲ್ಕನೇ ಮಹಡಿಯವರ ಮನೆಯಲ್ಲಿ ಗ್ಯಾಸ್ ಗೀಸರ್ ಇರದೆಯೂ ಇರಬಹುದು.

ಎಕ್ಸಾಸ್ಟ್ ಫ್ಯಾನ್ ಬಗ್ಗೆಯೂ ಎಚ್ಚರ. ಬಾಗಿಲು ಬಿಗಿಯಾಗಿದ್ದು ಫ್ಯಾನ್ ಗಾಳಿಯನ್ನು ಹೊರಗೆಳೆದರೆ, ಬದಲಿಗೆ ಬರುವ ಗಾಳಿಗೆ ದಾರಿ ಹೊಗೆ ಪೈಪೊಂದೇ. ಹೊರಹೋಗಬೇಕಾದ ಹೊಗೆ ಅದರಿಂದಲೇ ವಾಪಸ್ ಬರುತ್ತದೆ. ಫ್ಯಾನ್ ಇದ್ದರೆ ಬಾಗಿಲ ಕೆಳಗೆ ಕನಿಷ್ಠ ಒಂದಿಂಚು ಸಂದಿ ಇರಲೇಬೇಕು.

ಪರೀಕ್ಷೆ ಸುಲಭ. ಮೊದಲು ಸಾಬೂನು ನೀರಿನಿಂದ ಗ್ಯಾಸ್ ಸೋರಿಕೆ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಬಾಗಿಲು ತೆರೆದಿಟ್ಟು ಗೀಸರ್ ಹಚ್ಚಿ, ಐದು ನಿಮಿಷ ಹೊರಗೆ ಕಾಯಿರಿ. ಬಳಿಕ ಹೊತ್ತಿದ ಊದುಬತ್ತಿಯನ್ನು ಗೀಸರ್ ತಲೆಯ ಹೊಗೆಬಾಯಿಯ ಅಂಚಿಗೆ ಹಿಡಿಯಿರಿ. ಊದುಬತ್ತಿಯ ಎಳೆ ಒಳಕ್ಕೆ ಎಳೆದುಕೊಂಡು ಹೋದರೆ ಪೈಪ್ ಕೆಲಸ ಮಾಡುತ್ತಿದೆ. ನಿಮ್ಮ ಮುಖದ ಕಡೆಗೆ ಹೊರಳಿದರೆ ಹೊಗೆ ಕೋಣೆಗೇ ಬರುತ್ತಿದೆ, ತಕ್ಷಣ ಆರಿಸಿ. ಎಕ್ಸಾಸ್ಟ್ ಫ್ಯಾನ್ ಮತ್ತು ಪಕ್ಕದ ಅಡುಗೆಮನೆಯ ಚಿಮಣಿ ಹಾಕಿ ಇನ್ನೊಮ್ಮೆ ನೋಡಿ. ಬಹಳ ಕಡೆ ಮೊದಲ ಸಲ ಪಾಸಾದದ್ದು ಎರಡನೇ ಸಲ ಬೀಳುತ್ತದೆ.

ಠಾಣೆ ಡಾಕ್ಟರ್

ವೈದ್ಯಕೀಯ ಭಾಗ ನಾನು ಬರೆಯುತ್ತೇನೆ. ಇಲ್ಲಿ ತಿಳಿವಳಿಕೆಯ ಕೊರತೆ ಮನೆಯವರಲ್ಲಿ ಮಾತ್ರವಲ್ಲ, ನಮ್ಮ ವೃತ್ತಿಯಲ್ಲೂ ಇದೆ.

ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. 400 ಪಿಪಿಎಂ ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು. 1600 ಆದರೆ 20 ನಿಮಿಷದಲ್ಲಿ ತಲೆಸುತ್ತು, ವಾಕರಿಕೆ, ಆಮೇಲೆ ಸಾವು. 12,800ಕ್ಕೆ ಒಂದರಿಂದ ಮೂರು ನಿಮಿಷ. ಪ್ರಜ್ಞೆ ಹೋಗುವ ಮೊದಲೇ ಕಾಲಿನ ಬಲ ಹೋಗಿರುತ್ತದೆ. ಚಿಲಕ ಎರಡಡಿ ದೂರದಲ್ಲಿದ್ದರೂ ಎದ್ದು ತೆಗೆಯಲಾಗುವುದಿಲ್ಲ, ಕೂಗಲೂ ಆಗುವುದಿಲ್ಲ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವ ಲಾಕ್ ಹಾಕಿಸಿ ಎಂದು ಒತ್ತಾಯಿಸುವುದು ಇದಕ್ಕೇ.

ಆಸ್ಪತ್ರೆಗೆ ತಂದವರು ರೋಗಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 98 ನೋಡಿ ಸಮಾಧಾನಪಡುತ್ತಾರೆ. ಆ ಯಂತ್ರಕ್ಕೆ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಮತ್ತು ಆಮ್ಲಜನಕ ಅಂಟಿದ ಹಿಮೋಗ್ಲೋಬಿನ್ ಎರಡೂ ಒಂದೇ ಬಣ್ಣ. 98 ಎಂಬ ಅಂಕಿ ಇಲ್ಲಿ ಸುಳ್ಳು. ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್ ಇರುವ ಯಂತ್ರದಲ್ಲಿ ರಕ್ತ ಪರೀಕ್ಷೆಯಾಗಬೇಕು. ಅದಕ್ಕೂ ಕಾಯದೆ ಬಿಗಿ ಮಾಸ್ಕಿನಲ್ಲಿ ಶೇ 100 ಆಮ್ಲಜನಕ ಶುರುಮಾಡಬೇಕು. ಬರೀ ಗಾಳಿ ಉಸಿರಾಡುತ್ತಿದ್ದರೆ ರಕ್ತದಲ್ಲಿರುವ ಮೊನಾಕ್ಸೈಡ್ ಅರ್ಧಕ್ಕಿಳಿಯಲು 4ರಿಂದ 6 ಗಂಟೆ, ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆ.

ಗೀಸರ್ ಹೊಗೆಗೆ ಬಚ್ಚಲಲ್ಲಿ ಬಿದ್ದು ಕೈಕಾಲು ಸೆಟೆದವರಿಗೆ ಅಪಸ್ಮಾರ ಎಂದು ಚೀಟಿ ಬರೆದು ವರ್ಷಗಟ್ಟಲೆ ಮಾತ್ರೆ ಕೊಟ್ಟ ಪ್ರಕರಣಗಳನ್ನು ನಮ್ಮ ದೇಶದ ನರರೋಗ ತಜ್ಞರು ದಾಖಲಿಸಿದ್ದಾರೆ. ಸ್ನಾನದಲ್ಲಿ ಮಾತ್ರ ಫಿಟ್ಸ್ ಬರುತ್ತದೆ ಎಂದರೆ ಮೊದಲು ಕೇಳಬೇಕಾದ್ದು, ನಿಮ್ಮ ಗೀಸರ್ ಯಾವುದು? ಕೇಳದ ವೈದ್ಯರಿಗೆ ಕಾಳಜಿ ಇಲ್ಲ ಎನ್ನಲಾರೆ, ಸ್ಕ್ಯಾನ್ ಬರೆಯುತ್ತಾರೆ, ಇಇಜಿ (ಮಿದುಳಿನ ಅಲೆಗಳ ಪರೀಕ್ಷೆ) ಮಾಡಿಸುತ್ತಾರೆ. ತಪ್ಪಿದ್ದು ಒಂದು ಪ್ರಶ್ನೆ. ಆದ್ದರಿಂದ ಆಸ್ಪತ್ರೆಗೆ ಕರೆತಂದವರೇ ಬಾಯಿಬಿಟ್ಟು "ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂದು ಹೇಳಿ.

ಚೇತರಿಸಿಕೊಂಡು ಮನೆಗೆ ಹೋದವರನ್ನೂ ನಲವತ್ತು ದಿನ ಗಮನಿಸಿ. ಮರೆವು, ನಡಿಗೆಯಲ್ಲಿ ತೊಡರು, ಸ್ವಭಾವ ಬದಲಾಗುವುದು ತಡವಾಗಿ ಕಾಣಿಸಿಕೊಳ್ಳಬಹುದು. ಗರ್ಭಿಣಿಯರಾದರೆ ತಾಯಿ ಸರಿಯಾಗಿ ಕಂಡರೂ ಹೊಟ್ಟೆಯ ಕೂಸಿಗೆ ಅಪಾಯ ಹೆಚ್ಚು, ತಪ್ಪದೆ ತೋರಿಸಿ.

ವಾಸ್ಕೋ ಬಸಣ್ಣ

ಗೀತಕ್ಕಾರ ಮಾತಿಗೆ ಒಂದು ಸೇರಿಸ್ತೀನಿ. ಕಾಳಜಿ ಇದ್ದು ತಿಳಿವಳಿಕೆ ಇಲ್ಲದಿದ್ದರೆ ಏನಾಗ್ತದೆ ಅಂತ ನೋಡಬೇಕಾದರೆ ಸೆಪ್ಟಿಕ್ ಟ್ಯಾಂಕ್ ಸಾವುಗಳನ್ನ ನೋಡ್ರಿ. ಒಬ್ಬ ಇಳಿದು ಬೀಳ್ತಾನೆ. ಅವನನ್ನ ಎತ್ತಾಕೆ ಇನ್ನೊಬ್ಬ, ಇಬ್ಬರನ್ನ ಎತ್ತಾಕೆ ಮೂರನೆಯವನು. ಎರಡನೆಯವನಿಗೆ ಕಾಳಜಿ ಇಲ್ಲ ಅಂತ ಯಾರಾದರೂ ಅಂದಾರಾ? ಬಹಳ ಸಲ ಅಣ್ಣ ತಮ್ಮ, ಇಲ್ಲಾ ಒಂದೇ ಊರಿನಿಂದ ದುಡಿಯಾಕ ಬಂದವರು.

ಒಳಗಿರೋದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆ. ಮೋಸ ಏನಂದ್ರೆ, ಸ್ವಲ್ಪ ಇದ್ದಾಗ ವಾಸನೆ ಗಮ್ಮಂತ ಬಡಿತದೆ, 100 ಪಿಪಿಎಂ ದಾಟಿದರೆ ಮೂಗೇ ಸತ್ತುಹೋಗ್ತದೆ. "ಈಗ ವಾಸನೆ ಹೋಯ್ತು, ಗಾಳಿ ಆಡಿತು" ಅಂತ ಇಳೀತಾರೆ. 500 ದಾಟಿದರೆ ಕೆಲವೇ ನಿಮಿಷ, 1000 ಇದ್ದರೆ ಒಂದೆರಡು ಉಸಿರಿಗೇ ಬೀಳ್ತಾನೆ. ಮ್ಯಾಲೆ ನಿಂತು ನೋಡೋವನಿಗೆ ಕಾಲು ಜಾರಿ ಬಿದ್ದ ಹಾಗೆ ಕಾಣ್ತದೆ, ಅದಕ್ಕೇ ಹಿಂದಿನಿಂದ ಇಳೀತಾನೆ.

ಮೀಟರ್ ಇಟ್ಟರೂ ಒಂದು ತಪ್ಪು ಮಾಡ್ತಾರೆ. ಮುಚ್ಚಳದ ಹತ್ತಿರ ಹಿಡಿದು "ಸೊನ್ನೆ ಇದೆ" ಅಂತಾರೆ. ಗ್ಯಾಸು ರಾಡಿಯೊಳಗೆ ಹಿಡಿದಿಟ್ಟಿರ್ತದೆ, ಕೋಲು ಹಾಕಿ ಕಲಕಿದಾಗ ಮ್ಯಾಲೆ ಬರ್ತದೆ. ಮೀಟರ್ ಹಗ್ಗಕ್ಕೆ ಕಟ್ಟಿ ಮ್ಯಾಲೆ, ನಡುವೆ, ತಳದಲ್ಲಿ ಮೂರು ಕಡೆ ನೋಡಬೇಕು, ಕೆಲಸ ಮುಗಿಯೋತನಕ ಚಾಲೂ ಇರಬೇಕು. ಆಮ್ಲಜನಕ ಶೇ 19.5ಕ್ಕಿಂತ ಕೆಳಗಿದ್ದರೆ ಮಾತೇ ಇಲ್ಲ. ದೀಪ ಇಳಿಸಿ ನೋಡೋದು ಹಳೇ ಪದ್ಧತಿ, ಬಿಟ್ಟುಬಿಡ್ರಿ. ಮೀಥೇನ್ ಇದ್ದರೆ ದೀಪವೇ ಬೆಂಕಿ ಹಚ್ತದೆ, ಸಲ್ಫೈಡ್ ಇದ್ದರೆ ದೀಪ ಆರೋದೂ ಇಲ್ಲ. ಮೂತಿಗೆ ಒದ್ದಿ ಬಟ್ಟೆ ಕಟ್ಟೋದರಿಂದ ಏನೂ ಉಪಯೋಗವಿಲ್ಲ.

ಬಿದ್ದವನನ್ನ ಎತ್ತೋದು ಮ್ಯಾಲಿನಿಂದಲೇ ಆಗಬೇಕು. ಇಳಿಯೋ ಮೊದಲೇ ಹೆಗಲ ಮ್ಯಾಲೆ ಕೊಂಡಿ ಇರೋ ಮೈತುಂಬ ಬೆಲ್ಟು, ಹಗ್ಗ, ಮೂರು ಕಾಲಿನ ಸ್ಟ್ಯಾಂಡು ಇದ್ದರೆ ಎಳೆದು ತೆಗೀಬಹುದು. ಸೊಂಟಕ್ಕೆ ಕಟ್ಟಿದ ಹಗ್ಗದಿಂದ ಎಳೆದರೆ ದೇಹ ಅಡ್ಡ ಬಿದ್ದು ಮ್ಯಾನ್‌ಹೋಲ್ ಬಾಯಿಗೆ ಸಿಕ್ಕಿಕೊಳ್ತದೆ.

ಇನ್ನೊಂದು. ಬರೀ ಗಟಾರ ಅಲ್ಲ, ನೀರಿನ ಟ್ಯಾಂಕೂ ಕೊಲ್ತದೆ. 2025ರ ಮಾರ್ಚ್‌ನಲ್ಲಿ ಮುಂಬೈಯ ನಾಗಪಾಡಾದಲ್ಲಿ ಕಟ್ಟುತ್ತಿದ್ದ ಕಟ್ಟಡದ ನೆಲದಡಿ ನೀರಿನ ಟ್ಯಾಂಕ್ ಸ್ವಚ್ಛ ಮಾಡಾಕ ಇಳಿದ ನಾಲ್ವರು ಉಸಿರುಗಟ್ಟಿ ಸತ್ತರು. ಬಹಳ ದಿನ ಮುಚ್ಚಿಟ್ಟ ಟ್ಯಾಂಕಿನಲ್ಲಿ ಆಮ್ಲಜನಕವೇ ಇಳಿದಿರ್ತದೆ. ಅದರ ಮ್ಯಾಲೆ ಬ್ಲೀಚಿಂಗ್ ಪುಡಿ, ಆಸಿಡ್ ಎರಡೂ ಹಾಕಿದರೆ ಕ್ಲೋರಿನ್ ಏಳ್ತದೆ. ಎರಡನ್ನ ಯಾವತ್ತೂ ಕೂಡಿಸಬಾರದು.

ಕುರ್ಲಾ ಕಾಮತ

ಬಸಣ್ಣ, ಎರಡನೆಯವನ ವಿಷಯ ಒಪ್ಪಿದೆ. ಮೊದಲನೆಯವನನ್ನು ಇಳಿಸಿದವರು ಯಾರು? ಗುತ್ತಿಗೆದಾರನಿಗೂ ಸೊಸೈಟಿಗೂ ಗೊತ್ತಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ. ಯಂತ್ರದ ಲಾರಿಗೆ ಹೆಚ್ಚು ದುಡ್ಡು, ಮನುಷ್ಯನಿಗೆ ಕಡಿಮೆ. ಅಲ್ಲಿ ಕೊಲ್ಲುವುದು ಕಾಳಜಿ ಇಲ್ಲದಿರುವುದೇ.

ಫೋರ್ಟ್ ವಕೀಲ

ಕಾಮತರ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರ ಇದೆ. ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯರನ್ನು ಇಳಿಸುವುದನ್ನು ಮಲ ಬಾಚುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಗುತ್ತಿಗೆದಾರನಿಗೆ ಕೆಲಸ ಕೊಟ್ಟ ಸೊಸೈಟಿಯೂ ಇದರಿಂದ ಹೊರಗಲ್ಲ. ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತ್ತು, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು.

ಈ ಚರ್ಚೆಗೆ ಇನ್ನೂ ಹತ್ತಿರದ ವಿಷಯ ಬೇರೆ ಇದೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಶಿಕ್ಷೆ. ಹಳೆಯ 304ಎ ಕಲಮಿನಲ್ಲಿ ಎರಡೇ ವರ್ಷವಿತ್ತು. ಇದರಿಂದ ಸಾವು ಬರಬಹುದು ಎಂದು ತಿಳಿದೂ ಮಾಡಿದರೆ 105ರಲ್ಲಿ ಹತ್ತು ವರ್ಷದವರೆಗೆ ಹೋಗಬಹುದು. ಅಂದರೆ ಕಾನೂನಿನ ತಕ್ಕಡಿಯಲ್ಲಿ ತಿಳಿದೂ ಮಾಡಿದವನ ತೂಕ ಹೆಚ್ಚು.

ಹಾಗೆಂದು "ನನಗೆ ಗೊತ್ತಿರಲಿಲ್ಲ, ಸದ್ಭಾವನೆಯಿಂದ ಮಾಡಿದೆ" ಎಂದರೆ ಪಾರಾಗಲಾಗುವುದಿಲ್ಲ. ಸಂಹಿತೆಯ ವ್ಯಾಖ್ಯೆಗಳ ಭಾಗದಲ್ಲೇ ಇದೆ: ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ ಅಥವಾ ನಂಬಿದ ಯಾವುದನ್ನೂ ಸದ್ಭಾವನೆಯಿಂದ ಮಾಡಿದ್ದು ಎನ್ನಲಾಗದು. ಹಳೆಯ ದಂಡ ಸಂಹಿತೆಯಲ್ಲೂ ಇದೇ ಮಾತಿತ್ತು. ತಿಳಿದುಕೊಳ್ಳಬೇಕಾದ ಜಾಗದಲ್ಲಿ ಕುಳಿತವನು ತಿಳಿದುಕೊಳ್ಳಲಿಲ್ಲ ಎಂದರೆ ಅದನ್ನು ಅಜ್ಞಾನದ ಖಾತೆಗೆ ಬರೆಯುವುದಿಲ್ಲ. ಕಿಟಕಿ ಮುಚ್ಚಿದ ತಾಯಿ ಆ ಜಾಗದಲ್ಲಿಲ್ಲ. ದುಡ್ಡು ತೆಗೆದುಕೊಂಡು ಗೀಸರ್ ಹಾಕುವವನು, ಟ್ಯಾಂಕ್ ಕೆಲಸಕ್ಕೆ ಸಹಿ ಹಾಕುವ ಸೆಕ್ರೆಟರಿ ಆ ಜಾಗದಲ್ಲಿದ್ದಾರೆ.

ಪಿಂಪ್ರಿ ಪಾಟೀಲ

ವಕೀಲ್ ಸಾಹೇಬ್ರ ಮಾತು ಖರೇ ಅದ. ಆ ಹುಡುಗಗ ಕಲಿಸ್ಲಾರದ ಕೆಲಸಕ್ಕ ಕಳಿಸಿದ ಅಂಗಡಿಯಾಂವನ ಹೆಸರೂ ಆ ಪಟ್ಟಿಯೊಳಗ ಇರಬೇಕು. ನನ್ನ ಹಟ ಅದೊಂದ.

ಮುಲುಂಡ್ ಮಾಮ

ಎಲ್ಲರ ಮಾತು ಓದಿದ ಮೇಲೆ ನಾನು ಪ್ರಶ್ನೆ ಕೇಳಿದ ರೀತಿಯೇ ಸ್ವಲ್ಪ ಸಡಿಲವಾಗಿತ್ತು ಎನಿಸುತ್ತಿದೆ. ಕಣ್ಣಿಗೆ, ಮೂಗಿಗೆ ಸಿಗದ ಅಪಾಯದಲ್ಲಿ ಮನೆಯವರ ಅಜ್ಞಾನವೇ ಮೊದಲು ಕೊಲ್ಲುತ್ತದೆ, ಕಾಳಜಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಆದರೆ ಒಮ್ಮೆ ಹೇಳಿಯಾದ ಮೇಲೆ, ಕಾಗದ ಕೈಗೆ ಕೊಟ್ಟ ಮೇಲೆ, ಅದೇ ಅಜ್ಞಾನಕ್ಕೆ ಬೇರೆ ಹೆಸರು ಬರುತ್ತದೆ. ಆದ್ದರಿಂದ ಮೊದಲ ಕೆಲಸ ಹೇಳುವುದು, ಹೇಳಿದ್ದಕ್ಕೆ ಸಹಿ ತೆಗೆದುಕೊಳ್ಳುವುದು.

ನೋಟಿಸಿನ ಕರಡು ಹೀಗಿರಲಿ ಎಂದುಕೊಂಡಿದ್ದೇನೆ, ತಿದ್ದಿ: ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಬೇಡ, ಬಾಲ್ಕನಿಗೋ ಗಾಳಿಯಾಡುವ ಒಗೆಯುವ ಜಾಗಕ್ಕೋ ಹಾಕಿ, ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಡಕ್ಟಿನ ತಲೆಯ ಶೀಟನ್ನು ಸೊಸೈಟಿ ತೆಗೆದು ಪಾರಿವಾಳಕ್ಕೆ ಬಲೆ ಮಾತ್ರ ಹಾಕುತ್ತದೆ. ಗ್ಯಾಸ್ ರಬ್ಬರ್ ಪೈಪಿಗೆ ಐದು ವರ್ಷವಾಗಿದ್ದರೆ ಬದಲಿಸಿ. ಮ್ಯಾನ್‌ಹೋಲ್, ಟ್ಯಾಂಕಿಗೆ ಯಾರನ್ನೂ ಇಳಿಸುವಂತಿಲ್ಲ, ಸೆಕ್ರೆಟರಿ ಒಳಚರಂಡಿ ಸ್ವಚ್ಛತೆಯ ಸಹಾಯವಾಣಿ 14420ಕ್ಕೆ ಕರೆ ಮಾಡಿ ಯಂತ್ರ ತರಿಸಬೇಕು.

ನೀಲಿ ಜ್ವಾಲೆ

ಮೊದಲ ಸಾಲಿಗೆ ಜನರ ತಕರಾರು ಬರುತ್ತದೆ: "ದೂರ ಹಾಕಿದರೆ ನೀರು ತಣ್ಣಗಾಗುತ್ತದೆ." ಅರ್ಧ ಇಂಚಿನ ಪೈಪಿನಲ್ಲಿ ನಾಲ್ಕು ಮೀಟರಿಗೆ ಮುಕ್ಕಾಲು ಲೀಟರಿಗೂ ಕಡಿಮೆ ನೀರು ನಿಲ್ಲುತ್ತದೆ. ಮೊದಲ ಒಂದು ಚೆಂಬು ತಣ್ಣೀರು, ಅಷ್ಟೇ. ಬಾಡಿಗೆ ಮನೆಯಾಗಿ ಜಾಗ ಬದಲಿಸಲಾಗದವರಿಗೆ ಕರೆಂಟ್ ಗೀಸರೇ ಸರಿ. ಅದೂ ಆಗುವವರೆಗೆ ಬಕೆಟ್ ಪದ್ಧತಿ. 20 ಲೀಟರ್ ಬಕೆಟ್ ತುಂಬಲು ಮೂರೂವರೆ ನಿಮಿಷ ಸಾಕು. ಬಾಗಿಲು, ಕಿಟಕಿ ತೆರೆದಿಟ್ಟು ತುಂಬಿಸಿ, ಗೀಸರ್ ಆರಿಸಿ, ಗ್ಯಾಸಿನ ವಾಲ್ವ್ ಮುಚ್ಚಿ, ಐದು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಒಳಗೆ ಹೋಗಿ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಹಿಂದಿನವರ ಹೊಗೆ ಮುಂದಿನವರಿಗೆ ಉಳಿಯುತ್ತದೆ. ಎಲ್ಲರ ಕೆಲಸ ಮುಗಿಸಿ ಕೊನೆಗೆ ಹೋಗುವವರಿಗೇ ಹೆಚ್ಚು ಅಪಾಯ.

ಕಾಂದಿವಲಿ ಗೀತಕ್ಕ

ಕೊನೆಗೆ ಹೋಗುವುದು ಮನೆಯ ಹೆಂಗಸರೇ. ಅದನ್ನು ನೋಟಿಸಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ಮಾಮ.

ಒಂದು ಸಂಶಯ ಉಳಿದಿದೆ. ಎಂಬತ್ತು ದಾಟಿದ ಅಜ್ಜಿಯಂದಿರು, ಬಾಣಂತಿಯರು ಇದ್ದರೆ ಕಿಟಕಿ ತೆರೆದಿಡಿ ಎಂದರೆ ಕೇಳುವುದಿಲ್ಲ. ಚಳಿ ಗಾಳಿ ತಾಗಬಾರದು ಎನ್ನುವುದೂ ಸುಳ್ಳಲ್ಲವಲ್ಲ. ಅವರಿಗೆ ಎಂತ ಹೇಳುವುದು?

ಠಾಣೆ ಡಾಕ್ಟರ್

ಅವರ ಮಾತು ಸರಿಯೇ ಗೀತಕ್ಕ, ಮುದುಕರಿಗೂ ಹಸುಗೂಸಿಗೂ ಥಂಡಿ ಒಳ್ಳೆಯದಲ್ಲ. ಕಿಟಕಿ ಮುಚ್ಚಬೇಡಿ ಎನ್ನಬೇಡಿ, ಮುಚ್ಚುವ ಹೊತ್ತು ಬದಲಿಸಿ ಎನ್ನಿ. ಎರಡು ಬಕೆಟ್ ಬಿಸಿನೀರು ತುಂಬಿ, ಗೀಸರ್ ಆರಿಸಿ, ಐದು ನಿಮಿಷ ಗಾಳಿಯಾಡಲಿ. ಆಮೇಲೆ ನಾಲ್ಕು ಚೆಂಬು ಬಿಸಿನೀರನ್ನು ನೆಲಕ್ಕೂ ಗೋಡೆಗೂ ಎರಚಿ, ಬಚ್ಚಲು ಬೆಚ್ಚಗಾಗುತ್ತದೆ. ಈಗ ಕಿಟಕಿ ಮುಚ್ಚಿ ನೀರು ಹಾಕಬಹುದು. ಉರಿ ಇಲ್ಲದ ಬಚ್ಚಲಿನಲ್ಲಿ ಮುಚ್ಚಿದ ಕಿಟಕಿಯಿಂದ ಯಾರಿಗೂ ಕೇಡಿಲ್ಲ.

ಕಾಂದಿವಲಿ ಗೀತಕ್ಕ

ಹಾಗಾದರೆ ಕೇಳುತ್ತಾರೆ. ಮಾಮ, ಕನ್ನಡದ ಜೊತೆ ಮರಾಠಿಯಲ್ಲೂ ಒಂದು ಪ್ರತಿ ಮಾಡಿ, ಸ್ನಾನದ ನೀರು ಕಾಯಿಸುವ ಕೆಲಸದವರಿಗೂ ಓದಿ ಹೇಳಬೇಕು.